ಬೇಗನೆ ಅಡುಗೆ, ಬೇಕಾದಷ್ಟೇ ಪಾತ್ರೆ

ಮನೆಯ ಅಡುಗೆಯಲ್ಲಿ ಹೊತ್ತು ತಿನ್ನುವ ಕೆಲಸಗಳು ಮೂರು: ಬೇಳೆಕಾಳು ಬೇಯಿಸುವುದು, ರುಬ್ಬುವುದು, ಹೆಚ್ಚುವುದು. ಮಿಕ್ಕವೆಲ್ಲ ಸಣ್ಣ ಕೆಲಸಗಳು. ಒಗ್ಗರಣೆಗೆ ಒಂದು ನಿಮಿಷ ಸಾಕು. ಬೆಂದ ಬೇಳೆ ಕೈಯಲ್ಲಿದ್ದರೆ ಸಾರು ಕುದಿದು ಇಳಿಯಲು ಹತ್ತು ನಿಮಿಷ ಬೇಡ. ಹಾಗಾಗಿ ಬೇಗ ಅಡುಗೆ ಮುಗಿಸಬೇಕೆನ್ನುವವರು ಹೊಸ ಹೊಸ ತಿಂಡಿಗಳ ಹೆಸರು ಹುಡುಕುವುದಕ್ಕಿಂತ ಈ ಮೂರು ಕಡೆ ಎಷ್ಟು ಕಾಯುತ್ತಿದ್ದೇವೆ ಎಂದು ನೋಡಿಕೊಳ್ಳುವುದು ಮೇಲು. ಆ ಕಾಯುವಿಕೆಯ ಬಹುಪಾಲು ಒಲೆಯ ಮೇಲಿರುವ ಪಾತ್ರೆ ಯಾವುದು ಎಂಬುದರ ಮೇಲೆಯೇ ನಿಂತಿರುತ್ತದೆ.

ತೊಗರಿಬೇಳೆಯನ್ನು ತೆರೆದ ತಪ್ಪಲೆಯಲ್ಲಿ ಬೇಯಿಸಿದರೆ ಮುಕ್ಕಾಲು ಗಂಟೆ ಹಿಡಿಯುವುದುಂಟು. ಉರಿ ಜೋರು ಮಾಡಿದರೆ ಬೇಗ ಬೆಂದೀತು ಎಂಬ ಎಣಿಕೆ ಸರಿಯಲ್ಲ. ನೀರು ಒಮ್ಮೆ ಕುದಿಯಲು ಶುರುವಾದ ಮೇಲೆ ಅದರ ಬಿಸಿ ಏರುವುದೇ ಇಲ್ಲ. ಜೋರು ಉರಿಯಿಂದ ನೀರು ಬೇಗ ಆವಿಯಾಗುತ್ತದೆ, ಗ್ಯಾಸ್ ಖರ್ಚಾಗುತ್ತದೆ, ಬೇಳೆ ಮಾತ್ರ ತನ್ನ ಹೊತ್ತಿಗೇ ಬೇಯುತ್ತದೆ. ಕುದಿಯುವ ಬಿಸಿಯೂ ಎಲ್ಲ ಊರಿನಲ್ಲಿ ಒಂದೇ ಅಲ್ಲ. ಕಡಲ ಮಟ್ಟದ ಮಂಗಳೂರಿನಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರ ಹತ್ತಿರ, ಇನ್ನೂ ಎತ್ತರದ ಮಡಿಕೇರಿಯಲ್ಲಿ 96ರ ಆಸುಪಾಸಿನಲ್ಲಿ ಕುದಿಯುತ್ತದೆ. ಮೂರು ನಾಲ್ಕು ಡಿಗ್ರಿ ಕಡಿಮೆಯಾದರೆ ಅನ್ನಕ್ಕೆ ಅಷ್ಟಾಗಿ ತಿಳಿಯದು, ಕಡಲೆಕಾಳಿಗೆ ತಿಳಿಯುತ್ತದೆ.

ಈ ಮಿತಿಯನ್ನು ಮೀರುವ ಪಾತ್ರೆಯೇ ಪ್ರೆಷರ್ ಕುಕ್ಕರ್. ಆವಿ ಹೊರಹೋಗದಂತೆ ಮುಚ್ಚಳ ಬಿಗಿದರೆ ಒಳಗಿನ ಒತ್ತಡ ಏರುತ್ತದೆ, ಒತ್ತಡ ಏರಿದಂತೆ ನೀರಿನ ಕುದಿಬಿಂದುವೂ ಏರುತ್ತದೆ. ಮನೆಯ ಕುಕ್ಕರಿನಲ್ಲಿ ಹೊರಗಿನ ಗಾಳಿಯ ಒತ್ತಡದ ಮೇಲೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋದಷ್ಟು ಒತ್ತಡ ಸೇರಿ, ಬಿಸಿ 120 ಡಿಗ್ರಿಯ ಸಮೀಪಕ್ಕೆ ಹೋಗುತ್ತದೆ. ಬೇಯುವ ಹೊತ್ತು ಮೂರನೆಯ ಒಂದು ಭಾಗಕ್ಕೆ ಇಳಿಯುವುದು ಇದರಿಂದ. ಫ್ರಾನ್ಸಿನ ಡೆನಿಸ್ ಪಾಪಿನ್ ಲಂಡನ್ನಿನಲ್ಲಿದ್ದಾಗ 1679ರಲ್ಲಿ ಇಂಥ ಪಾತ್ರೆಯೊಂದನ್ನು ರಾಯಲ್ ಸೊಸೈಟಿಯ ಮುಂದಿಟ್ಟ. ಒತ್ತಡ ಮಿತಿಮೀರಿದಾಗ ಆವಿಯನ್ನು ಹೊರಬಿಡುವ ಕವಾಟವನ್ನೂ ಅವನೇ ಜೋಡಿಸಿದ. ಕೆಲವು ವರ್ಷಗಳ ಬಳಿಕ ಅದರಲ್ಲಿ ಬೇಯಿಸಿದ ಊಟವನ್ನು ಆ ಸಭೆಯ ವಿದ್ವಾಂಸರಿಗೇ ಬಡಿಸಿದ. ಮೂಳೆಯೂ ಗಿಣ್ಣದಂತೆ ಮೆತ್ತಗಾಗಿತ್ತಂತೆ. ಆ ಪಾತ್ರೆ ಭಾರತದ ಮನೆಗಳಿಗೆ ಬರಲು ಇನ್ನೂ ಮುನ್ನೂರು ವರ್ಷಗಳ ಹತ್ತಿರ ಹಿಡಿಯಿತು. 1950ರ ದಶಕದ ಕೊನೆಗೆ ಇಲ್ಲಿಯೇ ಕುಕ್ಕರ್ ತಯಾರಿಕೆ ಶುರುವಾಯಿತು.

ಕುಕ್ಕರಿನ ಬಳಕೆಯಲ್ಲಿ ಊರೆಲ್ಲ ಹಬ್ಬಿದ ಒಂದು ಅಭ್ಯಾಸವಿದೆ: ಸೀಟಿ ಎಣಿಸುವುದು. ಅನ್ನಕ್ಕೆ ಮೂರು, ಬೇಳೆಗೆ ನಾಲ್ಕು, ಕಡಲೆಗೆ ಏಳೆಂಟು ಎಂದು ಲೆಕ್ಕ. ಸೀಟಿ ಎಂದರೆ ಹೆಚ್ಚಾದ ಆವಿ ಹೊರಬಿದ್ದ ಸದ್ದು, ಅಷ್ಟೆ. ಉರಿ ಜೋರಾಗಿದ್ದರೆ ನಾಲ್ಕು ಸೀಟಿ ನಾಲ್ಕೇ ನಿಮಿಷದಲ್ಲಿ ಆಗಿಬಿಡುತ್ತದೆ. ಸಣ್ಣ ಉರಿಯಲ್ಲಿ ಅದೇ ನಾಲ್ಕಕ್ಕೆ ಕಾಲು ಗಂಟೆ ಬೇಕಾದೀತು. ಪಕ್ಕದ ಮನೆಯ ಲೆಕ್ಕ ಈ ಮನೆಗೆ ಹೊಂದದಿರುವುದು ಅದಕ್ಕೇ. ಮೊದಲ ಸೀಟಿ ಬಂದೊಡನೆ ಉರಿ ತಗ್ಗಿಸಿ, ಅಲ್ಲಿಂದ ಗಡಿಯಾರ ನೋಡುವುದು ನಂಬಬಹುದಾದ ಕ್ರಮ. ಅಕ್ಕಿಗೆ ಐದಾರು ನಿಮಿಷ, ತೊಗರಿಬೇಳೆಗೆ ಎಂಟು ಹತ್ತು, ರಾತ್ರಿ ನೆನೆಸಿದ ಕಡಲೆಕಾಳಿಗೆ ಹದಿನೈದರಿಂದ ಇಪ್ಪತ್ತು. ಆಮೇಲೆ ಒಲೆ ಆರಿಸಿ ಒತ್ತಡ ತಾನಾಗಿ ಇಳಿಯಲು ಬಿಡಬೇಕು. ಆ ಹೊತ್ತಿನಲ್ಲಿಯೂ ಒಳಗೆ ಬೇಯುವುದು ನಡೆದೇ ಇರುತ್ತದೆ. ಬೇಳೆ ನೊರೆ ಉಕ್ಕಿಸುವ ಕಾಳು. ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಿದರೆ ನೊರೆ ಹಬೆಯ ದಾರಿಗೆ ಸಿಕ್ಕಿ ಅಡ್ಡಗಟ್ಟುತ್ತದೆ. ಒಂದು ಹನಿ ಎಣ್ಣೆ ಬಿಡುವ ರೂಢಿ ಈ ನೊರೆ ತಗ್ಗಿಸಲು.

ಇಷ್ಟಾದರೂ ಕೆಲವು ಮನೆಗಳಲ್ಲಿ ಬೇಳೆ ಬೇಯುವುದಿಲ್ಲ. ಕಾರಣ ಹಲವು ಸಲ ನೀರಿನಲ್ಲಿರುತ್ತದೆ. ಕಾಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ಪೆಕ್ಟಿನ್ ಕರಗಿದಾಗ ಕಾಳು ಮೆತ್ತಗಾಗುತ್ತದೆ. ನೀರಿನ ಕ್ಯಾಲ್ಸಿಯಂ ಈ ಪೆಕ್ಟಿನ್ನಿಗೆ ಅಂಟಿಕೊಂಡು ಅದನ್ನು ಗಟ್ಟಿಮಾಡುತ್ತದೆ. ಕೋಲಾರ, ಚಿತ್ರದುರ್ಗದಂಥ ಬಯಲುಸೀಮೆಯ ಆಳದ ಕೊಳವೆಬಾವಿಗಳ ಗಡಸು ನೀರಿನಲ್ಲಿ ಬೇಳೆ ಹಟ ಹಿಡಿಯುವುದು ಅದಕ್ಕೇ. ಅಂಥ ಕಡೆ ಬೇಳೆ ಬೇಯಿಸುವ ಮಟ್ಟಿಗೆ ಶುದ್ಧೀಕರಿಸಿದ ನೀರನ್ನೋ ಮಳೆನೀರನ್ನೋ ಬಳಸಿದರೆ ಗ್ಯಾಸೂ ಉಳಿದೀತು. ಹುಳಿಯೂ ಪೆಕ್ಟಿನ್ ಕರಗುವುದನ್ನು ತಡೆಯುತ್ತದೆ. ಬೇಳೆ ಬೆಂದ ಮೇಲೆಯೇ ಹುಣಿಸೆರಸ ಬಿಡುವ ಹಳೆಯ ಕ್ರಮ ಸರಿಯಾದದ್ದು. ಟೊಮೇಟೊವನ್ನು ಬೇಳೆಯ ಜೊತೆಗೇ ಕುಕ್ಕರಿಗೆ ಹಾಕುವ ಈಗಿನ ಅವಸರ ಎಷ್ಟೋ ಸಲ ಹೊತ್ತನ್ನು ಹೆಚ್ಚಿಸುತ್ತದೆ. ಅಡುಗೆ ಸೋಡಾ ಹಾಕಿದರೆ ಬೇಳೆ ಬೇಗ ಕರಗುವುದು ನಿಜ, ಆದರೆ ಅದರೊಡನೆ ಬಿ1 ಜೀವಸತ್ವವೂ ಹಾಳಾಗುತ್ತದೆ. ನೆನೆಸುವುದು ಇದಕ್ಕಿಂತ ಒಳ್ಳೆಯ ಉಪಾಯ. ನೆನೆಸಲು ಮರೆತ ದಿನ ಹೆಸರುಬೇಳೆ ಇದೆ. ಅದು ಬೇಗ ಬೇಯುವಂಥದ್ದು.

ಅರ್ಧ ಗಂಟೆಯಲ್ಲಿ ಅನ್ನ, ಸಾರು, ಪಲ್ಯ ಆಗುವ ಬಗೆ ಹೀಗೆ. ಕುಕ್ಕರಿನ ತಳದಲ್ಲಿ ನೀರು, ಅದರ ಮೇಲೆ ಬೇಳೆಯ ಡಬ್ಬಿ, ಅದರ ಮೇಲೆ ಅಕ್ಕಿಯ ಡಬ್ಬಿ. ಇದು ಒಲೆ ಏರಿದ ಮೇಲೆ ಹುಣಿಸೆಹಣ್ಣನ್ನು ಬಿಸಿನೀರಿನಲ್ಲಿ ನೆನೆಹಾಕಿ, ಹುರುಳಿಕಾಯಿಯನ್ನೋ ಕೋಸನ್ನೋ ಸಣ್ಣಗೆ ಹೆಚ್ಚುವುದು. ಸಣ್ಣಗೆ ಹೆಚ್ಚಿದಷ್ಟೂ ಬೇಗ ಬೇಯುತ್ತದೆ. ಈಳಿಗೆಮಣೆಯ ಮುಂದೆ ಕಳೆದ ಎರಡು ನಿಮಿಷ ಒಲೆಯ ಮುಂದೆ ಐದಾಗಿ ಮರಳುತ್ತದೆ. ಎರಡನೆಯ ಒಲೆಯ ಮೇಲೆ ಬಾಣಲೆಯಿಟ್ಟು ಸಾಸಿವೆ, ಉದ್ದಿನಬೇಳೆ, ಕರಿಬೇವಿನ ಒಗ್ಗರಣೆ ಕೊಟ್ಟು, ತರಕಾರಿ ಸುರಿದು, ನೀರು ಚಿಮುಕಿಸಿ ಮುಚ್ಚಿಟ್ಟರೆ ಕುಕ್ಕರಿನ ಒತ್ತಡ ಇಳಿಯುವ ಹೊತ್ತಿಗೆ ಪಲ್ಯವಾಗಿರುತ್ತದೆ. ಹುಣಿಸೆರಸಕ್ಕೆ ಸಾರಿನಪುಡಿ, ಉಪ್ಪು, ಚೂರು ಬೆಲ್ಲ ಹಾಕಿ ಹಸಿವಾಸನೆ ಹೋಗುವಂತೆ ಕುದಿಸಿ, ಬೆಂದ ಬೇಳೆ ಕಟ್ಟನ್ನು ಬೆರೆಸಿ, ನೊರೆಯೇರಿದೊಡನೆ ಇಳಿಸಿದರೆ ಸಾರು ಸಿದ್ಧ.

ಇಲ್ಲಿ ನಿಜವಾಗಿ ಹೊತ್ತು ಉಳಿಸಿದ್ದು ಸಾರಿನಪುಡಿ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಮೆಣಸು, ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಮೆಣಸಿನಕಾಯಿ, ಇವನ್ನೆಲ್ಲ ಒಂದು ಬಿಡುವಿನ ದಿನ ಹುರಿದು ಪುಡಿಮಾಡಿಟ್ಟರೆ ತಿಂಗಳಿಗೆ ರುಬ್ಬುವ ಕೆಲಸವಿಲ್ಲ. ಕನ್ನಡ ನಾಡಿನ ಬೇರೆ ಬೇರೆ ಸೀಮೆಗಳು ಈ ತೊಂದರೆಗೆ ತಮ್ಮ ತಮ್ಮ ದಾರಿ ಹುಡುಕಿಕೊಂಡಿವೆ. ಉತ್ತರ ಕರ್ನಾಟಕದಲ್ಲಿ ಶೇಂಗಾ, ಗುರೆಳ್ಳು, ಅಗಸಿಯ ಚಟ್ನಿಪುಡಿಗಳು ಡಬ್ಬಿಯಲ್ಲಿ, ಖಡಕ್ ರೊಟ್ಟಿ ಬುಟ್ಟಿಯಲ್ಲಿ. ಮೊಸರೊಂದಿದ್ದರೆ ಒಲೆ ಹಚ್ಚದೆಯೂ ಊಟ. ಹಚ್ಚಿದರೂ ಕಡಲೆಹಿಟ್ಟಿನ ಜುಣಕ ಹತ್ತು ನಿಮಿಷದ್ದು. ಮಲೆನಾಡಿನಲ್ಲಿ ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ತೆಂಗಿನತುರಿಯೊಡನೆ ರುಬ್ಬಿ ಮಜ್ಜಿಗೆ ಬೆರೆಸಿದರೆ ತಂಬುಳಿ. ಹಳೆ ಮೈಸೂರಿನ ಕೋಸಂಬರಿಗೆ ಹೆಸರುಬೇಳೆ ನೆನೆದರೆ ಸಾಕು, ಬೇಯಬೇಕಾಗಿಲ್ಲ. ತೆಳು ಅವಲಕ್ಕಿಗೆ ನೀರು ಚಿಮುಕಿಸುವುದೇ ಅಡುಗೆ. ಹುದುಗು ಬರುವವರೆಗೆ ಕಾಯಬೇಕಾದ ಇಡ್ಲಿಗೂ ಒಂದು ಅಡ್ಡದಾರಿಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆ ಇಡ್ಲಿ ಮಾಡಲು ಶುರುಮಾಡಿದ್ದಾಗಿ ಬೆಂಗಳೂರಿನ ಎಂಟಿಆರ್ ಹೇಳಿಕೊಳ್ಳುತ್ತದೆ. ಹುರಿದ ರವೆ, ಮೊಸರು, ಚಿಟಿಕೆ ಸೋಡಾ. ಕಲಸಿ ಕಾಲು ಗಂಟೆ ಬಿಟ್ಟು ಹಬೆಗಿಟ್ಟರಾಯಿತು. ಇದಕ್ಕೆ ಬೇರೆ ಹಬೆಪಾತ್ರೆ ಕೊಳ್ಳಬೇಕಾದ್ದಿಲ್ಲ. ಕುಕ್ಕರಿನ ಮೇಲಿನ ಗುಂಡು ತೆಗೆದಿಟ್ಟರೆ ಅದೇ ಹಬೆಪಾತ್ರೆ. ನುಚ್ಚಿನುಂಡೆ, ಕಡುಬುಗಳಿಗೂ ಅದು ಸಾಕು.

ಇನ್ನು ಪಾತ್ರೆಯ ಲೋಹದ ವಿಚಾರ. ಲೋಹಗಳು ಬಿಸಿಯನ್ನು ಹರಡುವ ಬಗೆಯಲ್ಲಿ ಅಜಗಜಾಂತರವಿದೆ. ಅಡುಗೆ ಪಾತ್ರೆಗೆ ಬಳಸುವ ಲೋಹಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಹರಡುವುದು ತಾಮ್ರ. ಅಲ್ಯೂಮಿನಿಯಂ ಅದರ ಅರ್ಧಕ್ಕಿಂತ ತುಸು ಹೆಚ್ಚು, ಹಿತ್ತಾಳೆ ಸುಮಾರು ಕಾಲುಭಾಗ, ಕಬ್ಬಿಣ ಇನ್ನೂ ಕಡಿಮೆ. ಸ್ಟೇನ್‌ಲೆಸ್ ಸ್ಟೀಲ್ ತಾಮ್ರದ ಇಪ್ಪತ್ತರಲ್ಲಿ ಒಂದು ಪಾಲನ್ನೂ ಮುಟ್ಟುವುದಿಲ್ಲ. ತೆಳ್ಳನೆ ಸ್ಟೀಲ್ ಪಾತ್ರೆಯಲ್ಲಿ ಉಪ್ಪಿಟ್ಟು ಮಾಡಿದರೆ ಉರಿ ತಾಗುವ ಕಡೆ ಬಳೆಯಾಕಾರದಲ್ಲಿ ಸೀದು, ಅಂಚಿನಲ್ಲಿ ಹಸಿಯಾಗಿ ಉಳಿಯುವುದು ಇದರ ಫಲ. ಇದರಲ್ಲಿ ಅಡುಗೆಯವರ ತಪ್ಪೇನೂ ಇಲ್ಲ.

ಆದರೂ ಸ್ಟೀಲ್ ಅಡುಗೆಮನೆಯನ್ನು ಗೆದ್ದಿತು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಕರಗಿಸಿದ ಕ್ರೋಮಿಯಂ ಬೆರೆತ ಉಕ್ಕು ತುಕ್ಕು ಹಿಡಿಯುವುದಿಲ್ಲ, ಹುಳಿಗೆ ಜಗ್ಗುವುದಿಲ್ಲ, ಬಿದ್ದರೆ ಒಡೆಯುವುದಿಲ್ಲ. ಹುಣಿಸೆಹುಳಿಯನ್ನೇ ನಚ್ಚಿಕೊಂಡ ಅಡುಗೆಗೆ ಇದಕ್ಕಿಂತ ನಿಶ್ಚಿಂತೆಯ ಲೋಹವಿಲ್ಲ. ಬಿಸಿ ಹರಡದ ಕೊರತೆಗೆ ಈಗಿನ ಪರಿಹಾರ ಟ್ರೈಪ್ಲೈ: ಎರಡು ಪದರ ಸ್ಟೀಲಿನ ನಡುವೆ ಒಂದು ಪದರ ಅಲ್ಯೂಮಿನಿಯಂ. ತಳಕ್ಕೆ ಮಾತ್ರ ಬಿಲ್ಲೆ ಅಂಟಿಸಿದವು ಬೇರೆ, ಅಂಚಿನವರೆಗೂ ಮೂರು ಪದರವಿರುವವು ಬೇರೆ. ಸಾರು, ಹಾಲು, ಪಾಯಸಕ್ಕೆ ಮೊದಲನೆಯದು ಸಾಕು. ಬಾಣಲೆಗೆ ಎರಡನೆಯದು ಬೇಕು, ಏಕೆಂದರೆ ಅಲ್ಲಿ ಪದಾರ್ಥ ಬದಿಗೂ ತಾಗುತ್ತದೆ. ಬೆಲೆ ಹೆಚ್ಚು, ಆದರೆ ಅಗ್ಗದ ಮೂರು ಪಾತ್ರೆಗಳ ಬದಲು ಇಂಥದ್ದೊಂದು ಕೊಂಡವರು ಕಳೆದುಕೊಳ್ಳುವುದೇನಿಲ್ಲ.

ಸ್ಟೀಲಿನಲ್ಲೂ ಜಾತಿಗಳಿವೆ. 304 ಎಂದು ಮುದ್ರೆಯಿರುವುದರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. ಕೆಲವರು ಇದನ್ನು 18/8 ಎಂದೂ ಬರೆಯುತ್ತಾರೆ. ನಿಕ್ಕಲ್ ದುಬಾರಿಯಾದ್ದರಿಂದ ಅದನ್ನು ತಗ್ಗಿಸಿ ಮ್ಯಾಂಗನೀಸ್ ಬೆರೆಸಿದವು 200ರ ಸಾಲಿನವು. ತಟ್ಟೆ, ಡಬ್ಬಿಗಳಿಗೆ ಅವು ಅಡ್ಡಿಯಿಲ್ಲ, ಉಪ್ಪು ಹುಳಿ ಕುದಿಯುವ ಪಾತ್ರೆಗೆ ಅಲ್ಲ. ಅಯಸ್ಕಾಂತ ಹಿಡಿಯದಿದ್ದರೆ ಒಳ್ಳೆಯ ಸ್ಟೀಲ್ ಎಂಬ ಅಂಗಡಿಯ ಮಾತನ್ನು ಪೂರ್ತಿ ನಂಬಬಾರದು. 200ರ ಸಾಲಿನವೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಇಂಡಕ್ಷನ್ ಒಲೆಗಾದರೆ ಲೆಕ್ಕ ತಿರುಗುಮುರುಗು: ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಪಾತ್ರೆ ಕಾಯುತ್ತದೆ. ಒಳ್ಳೆಯ ಟ್ರೈಪ್ಲೈ ಪಾತ್ರೆಗಳ ಹೊರಪದರಕ್ಕೆ ಅಂಟುವ ಜಾತಿಯ ಸ್ಟೀಲನ್ನೇ ಹಾಕಿರುತ್ತಾರೆ. ತಣ್ಣೀರಿಗೇ ಉಪ್ಪು ಸುರಿದರೆ ಅದು ತಳದಲ್ಲಿ ಕೂತು ಸ್ಟೀಲಿಗೆ ಸಣ್ಣ ಸಣ್ಣ ಗುಳಿ ಬೀಳಿಸುತ್ತದೆ, ಆದ್ದರಿಂದ ನೀರು ಕುದಿದ ಮೇಲೆ ಉಪ್ಪು ಹಾಕುವುದು ವಾಸಿ.

ಹಲವು ಕಡೆ ಜರ್ಮನ್ ಪಾತ್ರೆ ಎಂದು ಕರೆಯುವ ಅಲ್ಯೂಮಿನಿಯಂ ಹಗುರ, ಅಗ್ಗ, ಬೇಗ ಕಾಯುವಂಥದ್ದು. ಅನ್ನಕ್ಕೆ, ನೀರು ಕಾಯಿಸುವುದಕ್ಕೆ ತೊಂದರೆಯಿಲ್ಲ. ಹುಳಿ ಅದನ್ನು ಕೊರೆಯುತ್ತದೆ. ಸಾರನ್ನು ಅದರಲ್ಲಿ ಮಾಡಿ ರಾತ್ರಿಯಿಡೀ ಬಿಡುವುದು ಸಲ್ಲದು. ಹಾರ್ಡ್ ಆನೊಡೈಸ್ಡ್ ಎಂದು ಮಾರುವ ಕಪ್ಪು ಬಣ್ಣದವುಗಳಲ್ಲಿ ಆಕ್ಸೈಡಿನ ಗಟ್ಟಿ ಪದರವಿರುವುದರಿಂದ ಈ ಕಾಟ ಕಡಿಮೆ.

ದೋಸೆಗೆ, ರೊಟ್ಟಿಗೆ, ಒಗ್ಗರಣೆಗೆ ಕಬ್ಬಿಣಕ್ಕೆ ಎಣೆಯಿಲ್ಲ. ಅದು ನಿಧಾನವಾಗಿ ಕಾಯುತ್ತದೆ, ಕಾದ ಮೇಲೆ ಬಿಸಿಯನ್ನು ಬಿಟ್ಟುಕೊಡುವುದಿಲ್ಲ. ತಣ್ಣನೆ ಹಿಟ್ಟು ಬಿದ್ದರೂ ಕಾವಲಿಯ ಕಾವು ಕುಸಿಯದಿರುವುದರಿಂದ ದೋಸೆ ಗರಿಯಾಗಿ ಏಳುತ್ತದೆ. ಎರಕದ ಕಬ್ಬಿಣದ ಕಾವಲಿ ಭಾರ, ಕೈಜಾರಿದರೆ ಸೀಳುತ್ತದೆ, ಕಾದಾಗ ತಣ್ಣೀರು ಸುರಿದರೂ ಸೀಳಬಹುದು. ತಗಡಿನದು ಹಗುರ, ಆದರೆ ಕಾವು ನಿಲ್ಲುವುದಿಲ್ಲ. ಹೊಸ ಕಾವಲಿಯನ್ನು ಪಳಗಿಸಬೇಕು. ತಿಕ್ಕಿ ತೊಳೆದು, ಒಲೆಯ ಮೇಲೆ ಒಣಗಿಸಿ, ಬಟ್ಟೆಯಿಂದ ತೆಳ್ಳಗೆ ಎಣ್ಣೆ ಸವರಿ, ಹೊಗೆಯಾಡುವವರೆಗೆ ಕಾಯಿಸಿ ಆರಿಸುವುದು. ಹೀಗೆ ನಾಲ್ಕಾರು ಸಲ. ಕಾವಿಗೆ ಎಣ್ಣೆಯ ಕಣಗಳು ಒಂದಕ್ಕೊಂದು ಬೆಸೆದು, ಕಬ್ಬಿಣಕ್ಕೆ ಅಂಟಿದ ನುಣುಪಾದ ಕಪ್ಪು ಪದರವಾಗುತ್ತವೆ. ಎಣ್ಣೆ ದಪ್ಪವಾಗಿ ಸವರಿದರೆ ಪದರ ಗಟ್ಟಿಯಾಗದೆ ಅಂಟಂಟಾಗುತ್ತದೆ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಚಪಾತಿಯ ಕಾವಲಿಯಲ್ಲಿ ದೋಸೆ ಹುಯ್ಯಬಾರದೆಂಬ ಹಿರಿಯರ ನಿಯಮಕ್ಕೂ ಅರ್ಥವಿದೆ. ಒಣಹಿಟ್ಟು, ಒಣಕಾವು ಆ ಪದರವನ್ನು ಸುಟ್ಟುಹಾಕುತ್ತವೆ. ಚಿಮುಕಿಸಿದ ನೀರು ಮುತ್ತಾಗಿ ಉರುಳಾಡಿದರೆ ಕಾವು ಮಿತಿಮೀರಿದೆ ಎಂದರ್ಥ. ಅರ್ಧ ಈರುಳ್ಳಿಯಿಂದ ನೀರೆಣ್ಣೆ ಸವರಿ ಇಳಿಸಿಕೊಂಡು ಹಿಟ್ಟು ಹುಯ್ಯಬೇಕು. ಕಬ್ಬಿಣದ ಬಾಣಲೆಯಲ್ಲಿ ಹುಳಿ ಪದಾರ್ಥ ಬೇಯಿಸಿದರೆ ಒಂದಿಷ್ಟು ಕಬ್ಬಿಣ ಅಡುಗೆಗೆ ಇಳಿಯುತ್ತದೆ. ಅದು ದೇಹಕ್ಕೆ ಒಳ್ಳೆಯದೇ, ಆದರೆ ಪಳಗಿದ ಪದರ ಹೋಗುತ್ತದೆ, ಪದಾರ್ಥ ಕಪ್ಪಾಗುತ್ತದೆ. ಸೊಪ್ಪಿನ ಪಲ್ಯ, ಮೆಣಸಿನಕಾಯಿ ಹುರಿಯುವುದು, ಬೋಂಡ ಕರಿಯುವುದು, ಇವೆಲ್ಲ ಅದಕ್ಕೆ ಹೊಂದುವ ಕೆಲಸಗಳು.

ನಾನ್‌ಸ್ಟಿಕ್ಕಿನ ಮೇಲಿರುವುದು 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಕೊಂಡ ಟೆಫ್ಲಾನ್. ಸುಮಾರು 260 ಡಿಗ್ರಿಯವರೆಗೆ ಅದು ಯಾರ ತಂಟೆಗೂ ಬರುವುದಿಲ್ಲ. ಅದಕ್ಕೂ ಬಹಳ ಮೇಲೇರಿದರೆ ಒಡೆದು ಕೆಟ್ಟ ಹೊಗೆ ಬಿಡುತ್ತದೆ. ಮನೆಯಲ್ಲಿ ಸಾಕಿದ ಗಿಳಿಗಳು ಈ ಹೊಗೆಗೆ ಸಾಯುವುದುಂಟು. ಖಾಲಿ ತವಾವನ್ನು ಜೋರು ಉರಿಯ ಮೇಲಿಟ್ಟು ಫೋನಿನಲ್ಲಿ ಮಾತಿಗೆ ನಿಂತರೆ ಆ ಬಿಸಿ ಮುಟ್ಟಲು ಹೆಚ್ಚು ಹೊತ್ತು ಬೇಡ. ಮಸಾಲೆ ಹುರಿಯುವುದಕ್ಕೂ ಒಗ್ಗರಣೆಗೂ ಇದು ತಕ್ಕ ಪಾತ್ರೆಯಲ್ಲ. ಮೊಟ್ಟೆ, ರವೆದೋಸೆ, ನೀರುದೋಸೆಗೆ ಅನುಕೂಲ. ಮರದ ಸೌಟು, ಸಣ್ಣ ಉರಿ, ಮೆತ್ತನೆ ತಿಕ್ಕು. ಪದರ ಎದ್ದುಬಂದ ಮೇಲೆ ಪಾತ್ರೆಯನ್ನು ಬಿಡುವುದೇ ಸರಿ. ರಾಗಿಮುದ್ದೆಯನ್ನು ಇದರಲ್ಲಿ ತೊಳಸಲು ಹೊರಟವರಿಗೆ ಪಾತ್ರೆಯೂ ಉಳಿಯದು, ಮುದ್ದೆಯೂ ಕೂಡಿಬರದು. ಮುದ್ದೆಗೆ ಬೇಕಾದ್ದು ಕೋಲಿನ ಒತ್ತಡ ತಾಳುವ, ದಪ್ಪ ತಳದ, ಆಳವಾದ ಪಾತ್ರೆ.

ಅಜ್ಜಿಯ ಕಾಲದ ಪಾತ್ರೆಗಳು ಈಗ ಮತ್ತೆ ಮಾರುಕಟ್ಟೆಗೆ ಬಂದಿವೆ. ತಾಮ್ರ, ಹಿತ್ತಾಳೆಗಳಿಗೆ ಹುಳಿ ತಾಗಿದರೆ ಕಿಲುಬು ಏಳುತ್ತದೆ, ಅದು ವಿಷ. ಒಳಗೆ ಕಲಾಯಿ ಇದ್ದರೆ ಮಾತ್ರ ಅವು ಅಡುಗೆಗೆ ಯೋಗ್ಯ. ನವಸಾಗರದ ಪುಡಿ ಹಾಕಿ, ಕಾದ ಪಾತ್ರೆಗೆ ಕರಗಿದ ತವರವನ್ನು ಬಟ್ಟೆಯಿಂದ ಉಜ್ಜುವುದು ಕಲಾಯಿ. ತವರ 232 ಡಿಗ್ರಿಗೇ ಕರಗುವುದರಿಂದ ಇಂಥ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲಿಡಬಾರದು. ತವರಕ್ಕೆ ಸೀಸ ಬೆರೆತಿರುವ ಅಪಾಯವೂ ಇದೆ. ಕೆಲಸ ಗೊತ್ತಿರುವ ಕಲಾಯಿಯವರು ಹತ್ತಿರದಲ್ಲಿಲ್ಲದ ಊರಿನಲ್ಲಿ ಹಿತ್ತಾಳೆ ತಪ್ಪಲೆ ಕೊಳ್ಳುವುದು ಶೋಕಿಯೇ ಸರಿ. ಬಳಪದ ಕಲ್ಲಿನ ಪಾತ್ರೆಗೆ ಹುಳಿಯ ಭಯವಿಲ್ಲ. ಇಳಿಸಿದ ಮೇಲೂ ಗೊಜ್ಜು ಅದರಲ್ಲಿ ಕೆಲಹೊತ್ತು ಕುದಿಯುತ್ತಲೇ ಇರುತ್ತದೆ, ಹಾಗಾಗಿ ತುಸು ಮುಂಚೆಯೇ ಒಲೆ ಆರಿಸಬೇಕು. ಹೊಸದನ್ನು ಎಣ್ಣೆ ಅರಿಶಿನ ಸವರಿ, ದಿನಗಟ್ಟಲೆ ಬಿಸಿ ಗಂಜಿ ತುಂಬಿಟ್ಟು ಪಳಗಿಸದೆ ನೇರ ಉರಿಗಿಟ್ಟರೆ ಬಿರಿಯುತ್ತದೆ. ಮಣ್ಣಿನ ಗಡಿಗೆಗೂ ಇದೇ ಎಚ್ಚರ. ಇವು ರುಚಿಯ ಪಾತ್ರೆಗಳು, ಅವಸರದವಲ್ಲ.

ಹೊಸದಾಗಿ ಸಂಸಾರ ಹೂಡುವ ಇಬ್ಬರಿಗೆ ಮೂರು ಲೀಟರಿನ ಕುಕ್ಕರ್, ಕಬ್ಬಿಣದ ಕಾವಲಿ, ಮುಚ್ಚಳವಿರುವ ಟ್ರೈಪ್ಲೈ ಬಾಣಲೆ, ದಪ್ಪ ತಳದ ಎರಡು ಲೀಟರಿನ ಸ್ಟೀಲ್ ಪಾತ್ರೆ, ಒಗ್ಗರಣೆ ಸೌಟು ಇಷ್ಟಿದ್ದರೆ ದಿನನಿತ್ಯದ ಯಾವ ಅಡುಗೆಯೂ ನಿಲ್ಲುವುದಿಲ್ಲ. ನಾಲ್ಕೈದು ಮಂದಿಯಾದರೆ ಕುಕ್ಕರ್ ಐದು ಲೀಟರಿನದಿರಲಿ. ಹತ್ತು ಹನ್ನೆರಡು ಪಾತ್ರೆಗಳ ಸೆಟ್ಟು ಅಂಗಡಿಯಲ್ಲಿ ಅಗ್ಗವಾಗಿ ಕಾಣುತ್ತದೆ; ಅದರಲ್ಲಿ ಅರ್ಧ ಅಟ್ಟ ಸೇರುತ್ತದೆ. ಕೊಳ್ಳುವಾಗ ಪಾತ್ರೆಯನ್ನು ಎತ್ತಿ ನೋಡಬೇಕು, ತುಂಬಿದಾಗಿನ ಭಾರವನ್ನು ಊಹಿಸಬೇಕು. ತಳವನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟರೆ ಅಲುಗಬಾರದು. ಹಿಡಿಯ ಜೋಡಣೆ ಬಿಗಿಯಾಗಿರಬೇಕು. ಒಳಮೈಯಲ್ಲಿ ರಿವೆಟ್ಟಿನ ಸಂದಿದ್ದರೆ ಅಲ್ಲಿ ಜಿಡ್ಡು ಕೂರುತ್ತದೆ.

ಕುಕ್ಕರಿನ ಮೇಲೆ ಐಎಸ್ಐ ಗುರುತು 2021ರ ಫೆಬ್ರುವರಿಯಿಂದ ಕಡ್ಡಾಯ. ಗುರುತಿನ ಮೇಲ್ಗಡೆ ಐಎಸ್ 2347 ಎಂಬ ಮಾನಕದ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು ಕಾಣುತ್ತದೆ. ಪೆಟ್ಟಿಗೆಯ ಮೇಲಿನ ಹೆಸರಿಗೆ ಅದು ತಾಳೆಯಾಗಬೇಕು. ಮನೆಗೆ ಬಂದ ಮೇಲೆ ಗ್ಯಾಸ್ಕೆಟ್ಟನ್ನು ಪ್ರತಿ ಸಲ ತೆಗೆದು ತೊಳೆದು ಒಣಗಿಸಬೇಕು. ಹಬೆಯ ರಂಧ್ರವನ್ನು ಬೆಳಕಿಗೆ ಹಿಡಿದು ಆಚೆ ಕಾಣುತ್ತದೆಯೇ ಎಂದು ನೋಡಬೇಕು. ನೀರು ಇಂಗಿ ಕುಕ್ಕರ್ ಬರಿದಾಗಿ ಕಾದರೆ ಸುರಕ್ಷತಾ ಕವಾಟದೊಳಗಿನ ಲೋಹದ ಬಿಲ್ಲೆ ಕರಗಿ ಆವಿಗೆ ದಾರಿ ಬಿಡುತ್ತದೆ. ಹಾಗೆ ಒಮ್ಮೆ ಕರಗಿದ ಕವಾಟವನ್ನು ಅದೇ ತಯಾರಕರ ಹೊಸ ಕವಾಟ ಹಾಕಿ ಬದಲಿಸಬೇಕು. ಬೇರೆ ಕಂಪನಿಯದನ್ನೋ, ಗಾತ್ರ ಹೊಂದಿತೆಂದು ಸಿಕ್ಕಿದ್ದನ್ನೋ ಹಾಕಿಸುವುದು ಅಪಾಯ.